ಕಾಣೆಯಾದವರು, ಹೆಸರಿಲ್ಲದ ಶವಗಳು: ಡಿಎನ್‌ಎ ಪರೀಕ್ಷೆಗೆ ಮನೆಯವರು ಹೇಗೆ ತಯಾರಾಗಬೇಕು?

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಓದುಗರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. "ಅಣ್ಣ ಮನೆ ಬಿಟ್ಟು ಹೋಗಿ ಎಷ್ಟೋ ವರ್ಷ ಆಯ್ತು. ನಾವು ಡಿಎನ್‌ಎ ಕೊಟ್ಟರೆ, ಎಲ್ಲಾದರೂ ಸಿಕ್ಕಿದ ಶವದ ಜೊತೆ ತಾಳೆ ನೋಡ್ತಾರಾ?" ಅಮೆರಿಕದಲ್ಲಿ ಅರ್ಧ ಶತಮಾನದ ಹಿಂದಿನ ಎಲುಬಿಗೂ ಹೆಸರು ಸಿಕ್ಕಿದ ಸುದ್ದಿ ಓದಿ, ಅದು ನಮ್ಮಲ್ಲೂ ಆಗುತ್ತದಾ ಎಂದು ಕೇಳುವವರೂ ಇದ್ದಾರೆ.

ಉತ್ತರ ಇಷ್ಟೇ. ತಾಳೆ ನೋಡುತ್ತಾರೆ, ಆದರೆ ತನ್ನಷ್ಟಕ್ಕೆ ಅಲ್ಲ. ಯಾವ ಶವದ ಜೊತೆ ಯಾರ ಮಾದರಿಯನ್ನು ಹೋಲಿಸಬೇಕು ಎಂದು ಯಾರಾದರೂ ಕೇಳಬೇಕು. ಕೇಳುವ ಹೊತ್ತಿಗೆ ಮಾದರಿ ಕೊಡಬಲ್ಲ ಹತ್ತಿರದವರು ಬದುಕಿರಬೇಕು. ವಯಸ್ಸಾದ ತಾಯಿ ಈಗಲೂ ಮನೆಯಲ್ಲಿದ್ದರೆ, ಈ ಲೇಖನ ಮುಖ್ಯವಾಗಿ ಅಂಥ ಮನೆಯವರಿಗೆ.

ಮೊದಲು ಅಮೆರಿಕದ ವಿಷಯ

1957ರಲ್ಲಿ ಫಿಲಡೆಲ್ಫಿಯಾದಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಒಬ್ಬ ಪುಟ್ಟ ಹುಡುಗನ ಶವ ಸಿಕ್ಕಿತ್ತು. ಅವನ ಹೆಸರು ಗೊತ್ತಾದದ್ದು 2022ರ ಡಿಸೆಂಬರಿನಲ್ಲಿ. ಪೊಲೀಸ್ ಲ್ಯಾಬಿನ ಮಾಮೂಲಿ ಪರೀಕ್ಷೆಯಿಂದ ಇದು ಆಗುವುದಿಲ್ಲ. ಆ ಪರೀಕ್ಷೆಗೆ ಎಸ್‌ಟಿಆರ್ ಎನ್ನುತ್ತಾರೆ. ಡಿಎನ್‌ಎಯಲ್ಲಿ ಒಂದು ಚಿಕ್ಕ ತುಣುಕು ಮತ್ತೆ ಮತ್ತೆ ಬರುವ ಜಾಗಗಳಿವೆ. ಅಂಥ ಇಪ್ಪತ್ತರ ಆಸುಪಾಸಿನ ಜಾಗಗಳಲ್ಲಿ ತುಣುಕು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಾರೆ. ಅಪ್ಪ, ಅಮ್ಮ, ಮಕ್ಕಳನ್ನು ಗುರುತಿಸಲು ಇದು ತುಂಬ ಗಟ್ಟಿ. ದೂರದ ನೆಂಟರಿಗೆ ಸಾಲದು.

ಆ ಹುಡುಗನ ಹೆಸರು ಸಿಕ್ಕಿದ್ದು ವಂಶಾವಳಿಯ ದಾರಿಯಲ್ಲಿ. ಅಲ್ಲಿ ನೋಡುವುದು ಎಸ್‌ಎನ್‌ಪಿ. ಅಂದರೆ ಡಿಎನ್‌ಎಯ ಒಂದೊಂದೇ ಅಕ್ಷರ ಬದಲಾಗುವ ಜಾಗಗಳು, ಅದೂ ಲಕ್ಷಗಟ್ಟಲೆ. ಚಿಕ್ಕಪ್ಪನ ಮಕ್ಕಳಲ್ಲಿ ಸುಮಾರು ಎಂಟನೇ ಒಂದು ಪಾಲು ಡಿಎನ್‌ಎ ಒಂದೇ ಆಗಿರುತ್ತದೆ. ಅಜ್ಜಂದಿರು ಅಣ್ಣ ತಮ್ಮ ಆಗಿದ್ದರೆ ಮೊಮ್ಮಕ್ಕಳಲ್ಲಿ ಶೇ. 3ರಷ್ಟು. ಅಷ್ಟು ಹೋಲಿಕೆ ಇರುವ ಅಪರಿಚಿತರು, ಜನ ತಾವಾಗಿಯೇ ತಮ್ಮ ಡಿಎನ್‌ಎ ವಿವರ ಹಾಕುವ ಜೆಡ್‌ಮ್ಯಾಚ್‌ನಂಥ ಡೇಟಾಬೇಸಿನಲ್ಲಿ ಸಿಕ್ಕಿದರೆ, ಅವರ ವಂಶವೃಕ್ಷ ಬರೆದು, ಕೊಂಬೆ ಕೊಂಬೆ ಹುಡುಕಿ, ಕಾಣೆಯಾದವರ ಹೆಸರಿಗೆ ಬರುತ್ತಾರೆ. 2017ರಲ್ಲಿ ಶುರುವಾದ ಡಿಎನ್‌ಎ ಡೋ ಪ್ರಾಜೆಕ್ಟ್ ಎಂಬ ಸಂಸ್ಥೆ ಮಾಡುವುದು ಇದೇ ಕೆಲಸ.

ನಮ್ಮಲ್ಲಿ ಇದು ನೇರವಾಗಿ ನಡೆಯದಿರಲು ಎರಡು ಕಾರಣಗಳಿವೆ. ಆ ಡೇಟಾಬೇಸುಗಳಲ್ಲಿ ನಮ್ಮೂರಿನವರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇನ್ನೊಂದು, ನಮ್ಮ ದೇಶದಲ್ಲಿ ಕಾಣೆಯಾದವರಿಗೂ ಹೆಸರಿಲ್ಲದ ಶವಗಳಿಗೂ ಸೇರಿ ಒಂದು ಡಿಎನ್‌ಎ ಬ್ಯಾಂಕ್ ಮಾಡುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಪಾಸಾಗದೆ 2023ರಲ್ಲಿ ವಾಪಸಾಯಿತು. ಹಾಗಾಗಿ ಒಂದು ಸ್ಟೇಷನ್ ಮೂಲಕ ಕೊಟ್ಟ ಮಾದರಿ ಉಳಿದ ಊರಿನ ಶವಗಳ ಜೊತೆ ತಾನಾಗಿ ಹೋಲಿಕೆ ಆಗುವ ವ್ಯವಸ್ಥೆ ಇಲ್ಲ. ಖಾಸಗಿ ಕಂಪನಿಗೆ ದುಡ್ಡು ಕೊಟ್ಟು ಉಗುಳು ಕಳಿಸಿದರೆ ಪೊಲೀಸರು ಅದನ್ನು ನೋಡುತ್ತಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹೋಲಿಸಬೇಕಾದ ಶವ ಯಾವುದು ಎಂದು ಹುಡುಕುವ ಕೆಲಸ, ಯಾರ ಮಾದರಿ ಬೇಕು ಎಂದು ತಿಳಿಯುವ ಕೆಲಸ, ಎರಡೂ ದೊಡ್ಡ ಮಟ್ಟಿಗೆ ಮನೆಯವರ ಮೇಲೇ ಬೀಳುತ್ತದೆ. ಇದು ಸರಿಯಲ್ಲ. ಆದರೆ ಸದ್ಯ ಇರುವುದು ಹೀಗೆ.

ಹಂತ 1: ಕೇಸ್ ಇದೆಯಾ ನೋಡಿ

ತುಂಬ ಮನೆಗಳಲ್ಲಿ "ಆಗ ಸ್ಟೇಷನ್ನಿಗೆ ಹೋಗಿ ಹೇಳಿದ್ದೆವು" ಎನ್ನುತ್ತಾರೆ. ಹೇಳಿದ್ದು ಬೇರೆ, ದಾಖಲಾದದ್ದು ಬೇರೆ. ಕೇರಳದಲ್ಲಿ ಕಾಣೆಯಾದವರ ಕೇಸ್ 2011ರ ಕೇರಳ ಪೊಲೀಸ್ ಕಾಯ್ದೆಯ 57ನೇ ಸೆಕ್ಷನ್ ಅಡಿಯಲ್ಲಿ ಆಗುತ್ತದೆ. ಎಫ್‌ಐಆರ್ ನಂಬರ್ ಮತ್ತು ವರ್ಷ ನಿಮ್ಮ ಕೈಯಲ್ಲಿ ಇರಬೇಕು. ಇಲ್ಲದಿದ್ದರೆ ಈಗಲೂ ದೂರು ಕೊಡಬಹುದು. ವರ್ಷಗಳು ಕಳೆದವು ಎಂಬ ಕಾರಣಕ್ಕೆ ಹಿಂಜರಿಯಬೇಡಿ.

ಅರ್ಜಿ ಕನ್ನಡದಲ್ಲಿ ಕೊಡಬಹುದಾ ಎಂಬ ಪ್ರಶ್ನೆಯೂ ಬರುತ್ತದೆ. ಕೊಡಬಹುದು. 1969ರ ಕೇರಳದ ಆಡಳಿತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ತಮ್ಮ ಭಾಷೆಯಲ್ಲೇ ವ್ಯವಹರಿಸುವ ಹಕ್ಕು ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆಯ ಸ್ಥಳೀಯ ಕಚೇರಿಗಳಲ್ಲೂ ಈ ಹಕ್ಕಿದೆ. ಆದರೂ ನನ್ನ ಸಲಹೆ: ಕನ್ನಡ ಅರ್ಜಿಯ ಜೊತೆ ಒಂದು ಮಲಯಾಳಂ ಅಥವಾ ಇಂಗ್ಲಿಷ್ ಪ್ರತಿ ಇಡಿ. ಆ ಕಾಗದ ಮುಂದೆ ಕನ್ನಡ ಬಾರದವರ ಕೈಗೂ ಹೋಗುತ್ತದೆ.

ಇಲ್ಲಿ ಎಚ್ಚರ ಬೇಕಾದದ್ದು ಹೆಸರಿನ ಬಗ್ಗೆ. ಶಾಲೆಯ ಸರ್ಟಿಫಿಕೇಟಿನಲ್ಲಿ ಒಂದು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಮಲಯಾಳಂನಲ್ಲಿ ಬರೆಯುವಾಗ ಮತ್ತೊಂದು ಆಗಿರುತ್ತದೆ. ಊರಿನ ಹೆಸರು, ಮನೆ ಹೆಸರು, ಕರೆಯುವ ಹೆಸರು, ಇನಿಷಿಯಲ್, ಎಲ್ಲ ರೂಪಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಕೊಡಿ.

ಹಂತ 2: ಗುರುತಿನ ಹಾಳೆ ಬರೆಯಿರಿ

ಡಿಎನ್‌ಎಗಿಂತ ಮೊದಲು ಬರುವುದು ಇದು. ಯಾವ ಶವವನ್ನು ಪರೀಕ್ಷಿಸಬೇಕು ಎಂದು ಆರಿಸಲು ಈ ಹಾಳೆಯೇ ಆಧಾರ. ಎತ್ತರ, ಹೋದಾಗಿನ ವಯಸ್ಸು, ಮಚ್ಚೆ, ಹಚ್ಚೆ, ಹಳೆಯ ಗಾಯದ ಕಲೆ ಬರೆಯಿರಿ. ಹಲ್ಲು ಕಿತ್ತಿಸಿದ್ದು, ತುಂಬಿಸಿದ್ದು ಬರೆಯಿರಿ. ಎಲುಬು ಮುರಿದು ಪ್ಲೇಟ್ ಹಾಕಿಸಿದ್ದರೆ ಆ ಆಸ್ಪತ್ರೆಯ ಕಾಗದ, ಎಕ್ಸ್‌ರೇ ಹುಡುಕಿ. ಬಹಳಷ್ಟು ಪ್ಲೇಟುಗಳ ಮೇಲೆ ನಂಬರ್ ಇರುತ್ತದೆ. ನಗುವಾಗ ಹಲ್ಲು ಕಾಣುವ ಫೋಟೋ ಇದ್ದರೆ ಅದನ್ನೂ ಸೇರಿಸಿ. ತಲೆಬುರುಡೆ ಮಾತ್ರ ಸಿಕ್ಕಿದ ಕೇಸಿನಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಹಂತ 3: ಯಾರು ಮಾದರಿ ಕೊಡಬೇಕು? ವಂಶವೃಕ್ಷ ಬರೆಯಿರಿ

ಜಾಸ್ತಿ ತಪ್ಪು ನಡೆಯುವುದು ಇಲ್ಲಿ. ಸ್ಟೇಷನ್ನಿಗೆ ಓಡಾಡುವವರು ಯಾರೋ ಅವರೇ ಮಾದರಿ ಕೊಟ್ಟು ಬರುತ್ತಾರೆ. ಓಡಾಡುವವರು ಹೆಚ್ಚಾಗಿ ಭಾವನೋ ಅಳಿಯನೋ ಆಗಿರುತ್ತಾರೆ. ಮದುವೆಯಿಂದ ನೆಂಟರಾದ ಅವರ ಮಾದರಿಯಿಂದ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಒಳ್ಳೆಯದು ತಂದೆ ತಾಯಿ ಇಬ್ಬರದ್ದೂ. ಮಗುವಿನ ಡಿಎನ್‌ಎಯಲ್ಲಿ ಅರ್ಧ ತಾಯಿಯದು, ಅರ್ಧ ತಂದೆಯದು. ಇಬ್ಬರೂ ಇದ್ದರೆ ಅನುಮಾನಕ್ಕೆ ಎಡೆ ಇರುವುದಿಲ್ಲ. ಅವರಿಲ್ಲದಿದ್ದರೆ ಕಾಣೆಯಾದವರ ಮಕ್ಕಳು, ಜೊತೆಗೆ ಆ ಮಕ್ಕಳ ತಾಯಿ ಅಥವಾ ತಂದೆ. ಗಂಡ ಹೆಂಡತಿಯ ಮಾದರಿ ಒಂಟಿಯಾಗಿ ಏನನ್ನೂ ಹೇಳದು, ಮಕ್ಕಳ ಜೊತೆ ಸೇರಿದರೆ ತುಂಬ ಬೆಲೆ. ಮಕ್ಕಳೂ ಇಲ್ಲದಿದ್ದರೆ ಒಡಹುಟ್ಟಿದವರು. ಇಲ್ಲಿ ಒಬ್ಬರು ಸಾಲದು. ಅಣ್ಣ ತಂಗಿಯರಲ್ಲಿ ಹಂಚಿಕೆಯಾಗುವ ಡಿಎನ್‌ಎ ಸರಾಸರಿ ಅರ್ಧ, ಆದರೆ ಯಾವ ಅರ್ಧ ಎಂದು ಹೇಳಲಾಗದು. ಇಬ್ಬರು ಮೂವರು ಕೊಟ್ಟರೆ ಚಿತ್ರ ಪೂರ್ತಿಯಾಗುತ್ತದೆ.

ಇವರು ಯಾರೂ ಇಲ್ಲದಿದ್ದರೆ ಅಥವಾ ಇದ್ದವರು ಸಾಲದಿದ್ದರೆ ಎರಡು ವಿಶೇಷ ದಾರಿಗಳಿವೆ. ವೈ ಕ್ರೋಮೋಸೋಮ್ ಎಂಬ ಡಿಎನ್‌ಎ ಭಾಗ ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗವಾದ ಮೈಟೋಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಆದರೆ ಮುಂದಕ್ಕೆ ದಾಟುವುದು ಹೆಣ್ಣುಮಕ್ಕಳ ಮೂಲಕ ಮಾತ್ರ. ಒಂದು ಜೀವಕೋಶದಲ್ಲಿ ಇದರ ನೂರಾರು ಪ್ರತಿಗಳಿರುವುದರಿಂದ ಹಳೆಯ, ಹಾಳಾದ ಎಲುಬಿನಲ್ಲೂ ಇದು ಉಳಿದಿರುತ್ತದೆ.

ಇದನ್ನು ನೆನಪಿಡಲು ನಮ್ಮ ನೆಂಟಸ್ತಿಕೆಯ ವರಸೆಯೇ ಸಾಕು. ನಾವು ಅಣ್ಣ ತಮ್ಮ ಎಂದು ಕರೆಯುವ ದೊಡ್ಡಪ್ಪ, ಚಿಕ್ಕಪ್ಪನ ಗಂಡುಮಕ್ಕಳಲ್ಲಿ ನಮ್ಮ ಮನೆಯ ಗಂಡಸಿನದೇ ವೈ ಇರುತ್ತದೆ. ಅಣ್ಣ ತಂಗಿ ಎಂದೇ ಕರೆಯುವ ದೊಡ್ಡಮ್ಮ, ಚಿಕ್ಕಮ್ಮನ ಮಕ್ಕಳಲ್ಲಿ ನಮ್ಮದೇ ಮೈಟೋಕಾಂಡ್ರಿಯಾ ಇರುತ್ತದೆ. ಭಾವ, ಮೈದುನ, ಅತ್ತಿಗೆ ಎಂದು ಕರೆಯುವ ಅತ್ತೆಯ ಮಕ್ಕಳು, ಮಾವನ ಮಕ್ಕಳಲ್ಲಿ ಸಾಮಾನ್ಯವಾಗಿ ಈ ಎರಡೂ ಇರುವುದಿಲ್ಲ. ಸೋದರಮಾವನಲ್ಲಿ ನಿಮ್ಮ ತಾಯಿಯ ಮೈಟೋಕಾಂಡ್ರಿಯಾ ಇದೆ, ಅವರ ಮಕ್ಕಳಲ್ಲಿ ಇಲ್ಲ. ಹಿರಿಯರು ಮದುವೆಗೆಂದು ಹಾಕಿದ ಗೆರೆ ಇಲ್ಲಿ ಇಷ್ಟು ಸರಿಯಾಗಿ ಹೊಂದುವುದು ನನಗೆ ಈಗಲೂ ಅಚ್ಚರಿ.

ಒಂದು ಉದಾಹರಣೆ ನೋಡೋಣ. ಮದುವೆಯಾಗದ ಒಬ್ಬ ಗಂಡಸು ಕಾಣೆಯಾಗಿದ್ದಾರೆ. ಅಪ್ಪ ಅಮ್ಮ ತೀರಿಕೊಂಡಿದ್ದಾರೆ. ಪುತ್ತೂರಿಗೆ ಕೊಟ್ಟ ಒಬ್ಬ ಅಕ್ಕ ಇದ್ದಾರೆ, ನೀರ್ಚಾಲಿನಲ್ಲಿ ದೊಡ್ಡಪ್ಪನ ಮಗ, ಮುಳ್ಳೇರಿಯದಲ್ಲಿ ಚಿಕ್ಕಮ್ಮನ ಮಗಳು, ಉಪ್ಪಳದಲ್ಲಿ ಅತ್ತೆಯ ಮಗ. ಮೊದಲು ಅಕ್ಕನ ಮಾದರಿ. ಅವರ ಜೊತೆ ನೀರ್ಚಾಲಿನ ದೊಡ್ಡಪ್ಪನ ಮಗನದು, ವೈ ಪರೀಕ್ಷೆಗೆ. ಅಕ್ಕನಲ್ಲೇ ತಾಯಿಯ ಮೈಟೋಕಾಂಡ್ರಿಯಾ ಇರುವುದರಿಂದ ಮುಳ್ಳೇರಿಯದವರನ್ನು ಕರೆಯಬೇಕಾಗಿಲ್ಲ. ಅಕ್ಕ ಇಲ್ಲದಿದ್ದರೆ ಅವರೇ ಮುಖ್ಯ. ಉಪ್ಪಳದವರು ಎಷ್ಟೇ ಆಪ್ತರಾದರೂ ಅವರನ್ನು ಸಾಕ್ಷಿಗೆ ಕರೆದುಕೊಂಡು ಹೋದರೆ ಸಾಕು.

ಈ ವೃಕ್ಷ ಬರೆಯಲು ನಮ್ಮ ನಾಡಿನಲ್ಲಿ ಒಳ್ಳೆಯ ಅನುಕೂಲ ಇದೆ. ಅಳಿಯಕಟ್ಟಿನ ಮನೆತನಗಳಲ್ಲಿ ಬಳಿ, ಅಂದರೆ ಕುಲದ ಹೆಸರು, ತಾಯಿಯಿಂದ ಬರುತ್ತದೆ. ಮೈಟೋಕಾಂಡ್ರಿಯಾ ನಡೆಯುವ ದಾರಿಯೂ ಅದೇ. ತರವಾಡು ಮನೆಯ ತಂಬಿಲಕ್ಕೆ, ನೇಮಕ್ಕೆ, ನಾಗನ ಮೂಲಸ್ಥಾನದ ಪೂಜೆಗೆ ಸೇರುವ ಹಿರಿಯ ಹೆಂಗಸರಿಗೆ ಯಾವ ಅಜ್ಜಿಯ ಯಾವ ಮಗಳು ಎಲ್ಲಿಗೆ ಹೋದಳು ಎಂದು ಬಾಯಿಪಾಠ ಇರುತ್ತದೆ. ಮುಂದಿನ ಸಲ ಸೇರುವಾಗ ಪೆನ್ನು ಪುಸ್ತಕ ಹಿಡಿದು ಅವರ ಪಕ್ಕ ಕುಳಿತುಕೊಳ್ಳಿ. ಹಳೆಯ ಜಾಗದ ಪತ್ರಗಳೂ ನೋಡಿ. 1956ರವರೆಗೆ ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದುದರಿಂದ ಅಂದಿನ ಪಾಲುಪಟ್ಟಿಗಳು ಬಹಳಷ್ಟು ಮನೆಗಳಲ್ಲಿ ಕನ್ನಡದಲ್ಲೇ ಇವೆ. ಪಾಲು ಸಿಕ್ಕಿದವರ ಹೆಸರೆಂದರೆ ಅರ್ಧ ವಂಶವೃಕ್ಷ ಸಿಕ್ಕಿದ ಹಾಗೆ.

ಆದರೆ ಒಂದು ಬಳಿ, ಒಂದು ಗೋತ್ರ ಎಂದ ಮಾತ್ರಕ್ಕೆ ಡಿಎನ್‌ಎ ಒಂದೇ ಎಂದು ತಿಳಿಯಬೇಡಿ. ದತ್ತು ಬಂದವರಿದ್ದಾರೆ, ಬೇರೆ ಮನೆಯಿಂದ ಬಂದು ಸೇರಿದವರಿದ್ದಾರೆ. ಹೆಸರು ಗೊತ್ತಿರುವ ಅಜ್ಜ ಅಜ್ಜಿಯವರೆಗೆ ಗೆರೆ ಎಳೆಯಲು ಬರಬೇಕು. ಹಾಗೆಯೇ, ಕಾಣೆಯಾದವರ ಅಪ್ಪ ಅಮ್ಮ ಸೋದರಿಕೆಯಲ್ಲಿ ಮದುವೆಯಾದವರಾದರೆ, ಅಂದರೆ ಅತ್ತೆ ಮಾವನ ಮಕ್ಕಳೋ ಸೋದರಮಾವ ಮತ್ತು ಅಕ್ಕನ ಮಗಳೋ ಆಗಿದ್ದರೆ, ಅದನ್ನು ವೃಕ್ಷದಲ್ಲಿ ಸ್ಪಷ್ಟವಾಗಿ ತೋರಿಸಿ. ಅಂಥ ಮನೆಗಳಲ್ಲಿ ನೆಂಟರ ನಡುವೆ ಹೋಲಿಕೆ ಲೆಕ್ಕಕ್ಕಿಂತ ಜಾಸ್ತಿ ಬರುತ್ತದೆ. ಲ್ಯಾಬಿನವರಿಗೆ ಗೊತ್ತಿಲ್ಲದಿದ್ದರೆ ದೂರದವರು ಹತ್ತಿರದವರ ಹಾಗೆ ಕಾಣಬಹುದು.

ಹಂತ 4: ಕಾಣೆಯಾದವರದೇ ಡಿಎನ್‌ಎ ಮನೆಯಲ್ಲಿದೆಯಾ?

ಹಲ್ಲುಜ್ಜುವ ಬ್ರಷ್, ಶೇವಿಂಗ್ ಬ್ಲೇಡ್, ಒಗೆಯದ ತಲೆದಿಂಬಿನ ಕವರ್ ಸಿಕ್ಕಿದರೆ ಒಳ್ಳೆಯದು. ಬಾಚಣಿಗೆಯಲ್ಲಿ ಬುಡ ಸಮೇತ ಬಂದ ಕೂದಲಿದ್ದರೆ ಪೂರ್ತಿ ಪರೀಕ್ಷೆ ಸಾಧ್ಯ. ಬುಡ ಇಲ್ಲದ ಕೂದಲಿನಲ್ಲಿ ಹೆಚ್ಚಾಗಿ ಮೈಟೋಕಾಂಡ್ರಿಯಾ ಮಾತ್ರ ಸಿಗುತ್ತದೆ. ಹಿಂದೆ ಗಡ್ಡೆ ತೆಗೆಸಿ ಬಯಾಪ್ಸಿಗೆ ಕಳಿಸಿದ್ದರೆ, ಮೇಣದಲ್ಲಿ ಹಾಕಿಟ್ಟ ಆ ತುಣುಕು ಆಸ್ಪತ್ರೆಯಲ್ಲಿ ಇನ್ನೂ ಇರಬಹುದು. ವಿಚಾರಿಸಿ.

ಇನ್ನೊಂದನ್ನು ಯಾರೂ ನೆನಪಿಸಿಕೊಳ್ಳುವುದಿಲ್ಲ. ಮಗುವಿನ ಒಣಗಿ ಉದುರಿದ ಹೊಕ್ಕುಳ ಬಳ್ಳಿಯನ್ನು ತಾಯಿತದಲ್ಲಿ ಹಾಕಿಡುವ ಪದ್ಧತಿ ಕೆಲವು ಮನೆಗಳಲ್ಲಿತ್ತು. ಬೆಳ್ಳಿಯ ಆ ಪುಟ್ಟ ಕೊಳವೆ ಅಮ್ಮನ ಪೆಟ್ಟಿಗೆಯ ತಳದಲ್ಲಿ ಕರಿದಾರದ ಸಮೇತ ಬಿದ್ದಿರಬಹುದು. ಸಿಕ್ಕಿದರೆ ಬಿಚ್ಚಬೇಡಿ, ಉಜ್ಜಿ ತೊಳೆಯಬೇಡಿ, ಹಾಗೆಯೇ ಇಡಿ. ಬಿದ್ದ ಹಾಲುಹಲ್ಲು ಇಟ್ಟಿದ್ದರೂ ಅಷ್ಟೇ.

ಇಂಥ ಯಾವುದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಒಳಗೆ ಬೂಸ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ. ಕೈಗೆ ಗ್ಲೌಸ್ ಹಾಕಿ, ಒಣಗಿದ ಕಾಗದದ ಕವರಿನಲ್ಲಿ ಒಂದೊಂದನ್ನೂ ಬೇರೆ ಬೇರೆ ಹಾಕಿ, ಏನು, ಎಲ್ಲಿ ಸಿಕ್ಕಿತು, ಯಾರು ತೆಗೆದರು ಎಂದು ಬರೆದು, ಬೆಚ್ಚಗಿನ ಒಣ ಜಾಗದಲ್ಲಿ ಅಲ್ಲ, ತಂಪಾದ ಒಣ ಜಾಗದಲ್ಲಿ ಇಡಿ. ಪೊಲೀಸರಿಗೆ ಕೊಡುವಾಗ ಮಹಜರು ಬರೆಸಿ, ರಸೀದಿ ತೆಗೆದುಕೊಳ್ಳಿ.

ಹಂತ 5: ಹೋಲಿಸಬಹುದಾದ ಶವ ಹುಡುಕಿ

ಗುರುತು ಸಿಗದ ಶವ ಸಿಕ್ಕಿದಾಗ ಪೊಲೀಸರು ಅಸಹಜ ಸಾವಿನ ಕೇಸ್ ಮಾಡಿ ಶವ ಮಹಜರು ನಡೆಸಬೇಕು. ಹಿಂದೆ ಇದು ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 174ನೇ ಸೆಕ್ಷನ್. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ ಕಾಯ್ದೆಯ 194ನೇ ಸೆಕ್ಷನ್. ನಿಮಗೆ ಬೇಕಾದದ್ದು ಆ ಕೇಸಿನ ನಂಬರ್.

ಗಡಿನಾಡಿನಲ್ಲಿ ದೊಡ್ಡ ತೊಡಕು ಇದೇ. ತಲಪಾಡಿಯ ಗಡಿ ಪೊಲೀಸರ ಫೈಲುಗಳಿಗೆ ಇದೆ, ನದಿಗೂ ಸಮುದ್ರಕ್ಕೂ ರೈಲಿಗೂ ಇಲ್ಲ. ಪಯಸ್ವಿನಿ ಕೊಡಗಿನ ಕಡೆಯಿಂದ ಹುಟ್ಟಿ ಸುಳ್ಯ ದಾಟಿ ಬಂದು ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಒಂದು ರಾಜ್ಯದಲ್ಲಿ ನೀರಿಗೆ ಬಿದ್ದವರು ಇನ್ನೊಂದು ರಾಜ್ಯದಲ್ಲಿ ಸಿಗಬಹುದು. ಆದ್ದರಿಂದ ಕಾಸರಗೋಡಿನಲ್ಲಿ ಮಾತ್ರ ಕೇಳಿ ಸುಮ್ನಾಗಬೇಡಿ. ದಕ್ಷಿಣ ಕನ್ನಡದ ಸ್ಟೇಷನ್‌ಗಳು, ಕಣ್ಣೂರು ಜಿಲ್ಲೆ, ಕರಾವಳಿ ಪೊಲೀಸ್, ಎರಡೂ ಕಡೆಯ ರೈಲ್ವೆ ಪೊಲೀಸ್, ಎಲ್ಲರಿಗೂ ಗುರುತಿನ ಹಾಳೆ ತಲುಪಬೇಕು. ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋಗಿ ಸುದ್ದಿ ಇಲ್ಲದವರಾದರೆ ಅಲ್ಲಿಗೂ ಕಳಿಸಿ.

ಆನ್‌ಲೈನಿನಲ್ಲಿ ರಾಜ್ಯ ಪೊಲೀಸರ ಪಟ್ಟಿಗಳೂ ಕೇಂದ್ರದ ಡಿಜಿಟಲ್ ಪೊಲೀಸ್ ಪೋರ್ಟಲ್ಲೂ ಇವೆ. ಅಲ್ಲಿ ಇರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಈ ಸ್ಟೇಷನ್ನಿನಲ್ಲಿ ದಾಖಲಾದ ಗುರುತು ಸಿಗದ ಶವಗಳ ಕೇಸ್ ನಂಬರ್, ಅಂದಾಜು ವಯಸ್ಸು, ಮೈಮೇಲಿನ ಗುರುತು, ಹೂಳಿದರೋ ಸುಟ್ಟರೋ, ಡಿಎನ್‌ಎಗೆ ಏನು ತೆಗೆದಿಟ್ಟಿದ್ದಾರೆ ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು.

ಕೊನೆಯ ಎರಡು ಪ್ರಶ್ನೆಗಳನ್ನು ಬಿಡಬೇಡಿ. ದಹನ ಮಾಡಿದರೆ ಎಲುಬಿನ ಡಿಎನ್‌ಎ ಉಳಿಯುವುದಿಲ್ಲ. ಆಗ ಪೋಸ್ಟ್‌ಮಾರ್ಟಂ ಹೊತ್ತಿನಲ್ಲಿ ತೆಗೆದಿಟ್ಟ ಹಲ್ಲು, ಎಲುಬಿನ ತುಂಡು, ಬಟ್ಟೆಯ ಮೇಲೆ ಒಣಗಿಸಿದ ರಕ್ತ ಮಾತ್ರ ಗತಿ. ಫಾರ್ಮಲಿನ್‌ನಲ್ಲಿ ಹಾಕಿಟ್ಟಿದ್ದರೆ ಅದರಿಂದ ಡಿಎನ್‌ಎ ತೆಗೆಯುವುದು ಬಹಳ ಕಷ್ಟ. ಹೂಳಿದ್ದರೆ ದಾರಿ ಇನ್ನೂ ಇದೆ. 2024ರ ಜುಲೈ 30ರ ವಯನಾಡಿನ ಭೂಕುಸಿತದ ನಂತರ ಚಾಲಿಯಾರ್ ನದಿಯಲ್ಲಿ ಸಿಕ್ಕಿದ ದೇಹದ ಭಾಗಗಳನ್ನು ಪುತ್ತುಮಲದಲ್ಲಿ ನಂಬರ್ ಹಾಕಿ ಹೂಳಿದರು. ಆಮೇಲೆ ಡಿಎನ್‌ಎ ತಾಳೆಯಾದಾಗ ಆ ನಂಬರಿನ ಜಾಗಕ್ಕೆ ಹೆಸರು ಬಂತು.

ಹಂತ 6: ಅರ್ಜಿ, ಆಮೇಲೆ ಮಾದರಿ

ಹೋಲುವ ಶವ ಸಿಕ್ಕಿದರೆ ಎರಡೂ ಕೇಸ್ ನಂಬರ್ ಹಾಕಿ, ಎರಡೂ ತನಿಖಾಧಿಕಾರಿಗಳಿಗೆ ಅರ್ಜಿ ಕೊಡಿ. ವಂಶವೃಕ್ಷ ಲಗತ್ತಿಸಿ, ಮಾದರಿ ಕೊಡಲು ಯಾರು ತಯಾರಿದ್ದಾರೆ ಎಂದು ಬರೆಯಿರಿ. ಕೆಲಸ ಆಗದಿದ್ದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ, ಆಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ.

ಇನ್ನೂ ಯಾವ ಶವವೂ ಸಿಗದಿದ್ದರೂ ತಾಯಿಯ ಮಾದರಿ ತೆಗೆದಿಡಲು ಕಾಣೆಯಾದ ಕೇಸಿನ ಅಧಿಕಾರಿಗೆ ಲಿಖಿತವಾಗಿ ಕೇಳಿ. ಎಂಬತ್ತು ದಾಟಿದ ಅಮ್ಮನಿಗೆ ನಾಳೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಅವರು ಹೋದರೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯವೇ ಹೋಯಿತು.

ಮಾದರಿ ಕೊಡುವುದು ನೋವಿನ ಕೆಲಸ ಅಲ್ಲ. ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಭಾಗ ಉಜ್ಜುತ್ತಾರೆ, ಅಥವಾ ಎರಡು ಹನಿ ರಕ್ತವನ್ನು ವಿಶೇಷ ಕಾಗದದ ಮೇಲೆ ಒಣಗಿಸುತ್ತಾರೆ. ಕೆನ್ನೆಯ ಮಾದರಿಯಾದರೆ ಅರ್ಧ ಗಂಟೆ ಮೊದಲಿಂದ ಎಲೆ ಅಡಿಕೆ, ಊಟ ಬೇಡ, ನೀರಿನಲ್ಲಿ ಬಾಯಿ ಮುಕ್ಕಳಿಸಿ. ಗುರುತಿನ ಚೀಟಿ ಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಬೇಕು. ಸಹಿ ಹಾಕುವ ಮೊದಲು ಓದಿಸಿ ಕೇಳಿ. ಈ ಮಾದರಿ ಇಂಥ ಕೆಲಸಕ್ಕೆ ಮಾತ್ರ ಎಂದು ಅದರಲ್ಲಿರಬೇಕು. ನಿಮ್ಮ ಕಣ್ಣೆದುರೇ ಕವರಿಗೆ ಸೀಲ್ ಬೀಳಬೇಕು, ನಂಬರ್ ಬರೆದುಕೊಳ್ಳಬೇಕು. ಸ್ವಂತವಾಗಿ ಮನೆಯಲ್ಲಿ ತೆಗೆದು ಖಾಸಗಿ ಲ್ಯಾಬಿಗೆ ಕಳಿಸಿದ ವರದಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಮನೆಯವರು ಮೊದಲೇ ಒಟ್ಟಿಗೆ ಕುಳಿತು ಒಂದು ಮಾತು ಆಡಿಕೊಳ್ಳಿ. ಡಿಎನ್‌ಎ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವುದಿಲ್ಲ. ದತ್ತು, ಯಾರಿಗೂ ಹೇಳದ ಹುಟ್ಟು, ಇಂಥದ್ದೂ ಹೊರಗೆ ಬರಬಹುದು. ಅಂಥದ್ದೇನಾದರೂ ಇದ್ದರೆ ಹಿರಿಯರು ಅಧಿಕಾರಿಗೆ ಖಾಸಗಿಯಾಗಿ ತಿಳಿಸುವುದು ಒಳ್ಳೆಯದು. ಇಲ್ಲವಾದರೆ ನಿಜವಾದ ಮಗನನ್ನೇ "ಸಂಬಂಧ ಇಲ್ಲ" ಎಂದು ಬಿಟ್ಟುಬಿಡುವ ಅಪಾಯ ಇದೆ.

ಹಂತ 7: ವರದಿ ಓದುವುದು

ಮಾದರಿಗಳು ತಿರುವನಂತಪುರದ ರಾಜ್ಯ ಫಾರೆನ್ಸಿಕ್ ಲ್ಯಾಬ್ ಅಥವಾ ಅದರ ಪ್ರಾದೇಶಿಕ ಲ್ಯಾಬಿಗೆ, ಕೆಲವು ಕೇಸುಗಳಲ್ಲಿ ಹೈದರಾಬಾದಿನ ಡಿಎನ್‌ಎ ಪರೀಕ್ಷಾ ಕೇಂದ್ರ ಸಿಡಿಎಫ್‌ಡಿಗೆ ಹೋಗುತ್ತವೆ. ಭಾರತದ ಕೋರ್ಟುಗಳಲ್ಲಿ ಡಿಎನ್‌ಎ ಸಾಕ್ಷ್ಯ ಮೊದಲು ಬಂದದ್ದು ನಮ್ಮ ಪಕ್ಕದ ತಲಶ್ಶೇರಿಯಲ್ಲಿ, 1980ರ ದಶಕದ ಕೊನೆಯಲ್ಲಿ, ಒಂದು ಮಗುವಿನ ತಂದೆ ಯಾರು ಎಂಬ ವ್ಯಾಜ್ಯದಲ್ಲಿ. ಹೈದರಾಬಾದಿನ ವಿಜ್ಞಾನಿ ಲಾಲ್ಜಿ ಸಿಂಗ್ ಆಗ ಸಾಕ್ಷಿ ನುಡಿದಿದ್ದರು.

ವರದಿಯಲ್ಲಿ ಮೂರು ಥರದ ಮಾತು ಬರುತ್ತದೆ. ಸಂಬಂಧ ಇದೆ ಎನ್ನಲು ಇಷ್ಟು ಪಟ್ಟು ಸಾಧ್ಯತೆ ಎಂದು ಅಂಕಿ ಕೊಟ್ಟಿದ್ದರೆ ಅದು ತಾಳೆಯಾದ ವರದಿ. "ಹೊರಗಿಡಲಾಗಿದೆ" ಎಂದರೆ ಈ ಶವ ನಿಮ್ಮವರದಲ್ಲ. "ಹೊರಗಿಡಲು ಆಗುವುದಿಲ್ಲ" ಎಂಬ ಮಾತಿಗೆ ಮಾತ್ರ ಮೋಸ ಹೋಗಬೇಡಿ. ವೈ ಅಥವಾ ಮೈಟೋಕಾಂಡ್ರಿಯಾ ಮಾತ್ರ ನೋಡಿದಾಗ ಹೀಗೆ ಬರೆಯುತ್ತಾರೆ. ಒಂದೇ ತಾಯಿಯ ಸಂತತಿಯ ನೂರಾರು ಜನರಿಗೂ ಅದು ಹೊಂದಬಹುದು. ಗುರುತಿನ ಹಾಳೆಯ ಜೊತೆ, ಹಲ್ಲು ಎಲುಬಿನ ಜೊತೆ ಸೇರಿಸಿಯೇ ತೀರ್ಮಾನಕ್ಕೆ ಬರಬೇಕು.

ಮುಖ ನೋಡಿ, ಬಟ್ಟೆ ನೋಡಿ "ಇವರೇ" ಎಂದು ಒಪ್ಪಿಕೊಂಡು ಬೊಜ್ಜ (ಉತ್ತರಕ್ರಿಯೆ) ಮುಗಿಸಿಬಿಡುವ ಅವಸರವೂ ಬೇಡ. 2010ರ ಮೇ 22ರ ಮಂಗಳೂರಿನ ವಿಮಾನ ದುರಂತದಲ್ಲಿ 158 ಜನ ತೀರಿಕೊಂಡರು. ಕಾಸರಗೋಡಿನ ಎಷ್ಟೋ ಮನೆಗಳು ಅದರಲ್ಲಿದ್ದವು. ಡಿಎನ್‌ಎ ಪರೀಕ್ಷೆ ನಡೆದ ಮೇಲೂ 12 ದೇಹಗಳಿಗೆ ಗುರುತು ಸಿಗದೆ ಕೂಳೂರಿನಲ್ಲಿ ಹೂಳಬೇಕಾಯಿತು. ಒಂದು ಮನೆಯವರು ತಪ್ಪಾಗಿ ಒಯ್ದರೆ ಇನ್ನೊಂದು ಮನೆಯವರಿಗೆ ಎಂದೂ ಸಿಗುವುದಿಲ್ಲ.

ಹಂತ 8: ತಾಳೆಯಾದ ಮೇಲೆ, ಆಗದಿದ್ದರೆ

ತಾಳೆಯಾದರೆ ಮರಣ ದಾಖಲಾಗುವುದು ಶವ ಸಿಕ್ಕಿದ ಊರಿನಲ್ಲಿ, ನಿಮ್ಮೂರಿನಲ್ಲಲ್ಲ. ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಹೂಳಿದ ದೇಹ ಹೊರತೆಗೆದು ಮನೆಗೆ ತರಬೇಕೆಂದಿದ್ದರೆ ಅದಕ್ಕೂ ಮ್ಯಾಜಿಸ್ಟ್ರೇಟರ ಅನುಮತಿ ಬೇಕು, ಅವರ ಪ್ರತಿನಿಧಿ ಎದುರಿಗೇ ತೆಗೆಯಬೇಕು. ಸ್ಮಶಾನದವರ ಬಳಿ ಮಾತಾಡಿ ನೀವೇ ಅಗೆಸಲು ಹೋಗಬೇಡಿ.

ತಾಳೆಯಾಗದಿದ್ದರೆ ಫೈಲ್ ಮುಚ್ಚಲು ಬಿಡಬೇಡಿ. ನಿಮ್ಮ ಮಾದರಿಯ ಪ್ರೊಫೈಲ್, ಅಂದರೆ ಆ ಅಂಕಿಗಳ ಪಟ್ಟಿ, ಲ್ಯಾಬಿನಲ್ಲಿ ಉಳಿಸಿಡಿ ಎಂದು ಬರೆದು ಕೊಡಿ. ಇನ್ನೊಂದು ಶವಕ್ಕೆ ಹೋಲಿಸುವಾಗ ಅಮ್ಮನನ್ನು ಮತ್ತೆ ಕರೆಯಬೇಕಾಗಿಲ್ಲ. ಏಳು ವರ್ಷ ಸುದ್ದಿ ಇಲ್ಲದವರು ತೀರಿಕೊಂಡಿದ್ದಾರೆ ಎಂದು ಕೋರ್ಟ್ ಭಾವಿಸಬಹುದಾದ ನಿಯಮ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಸೆಕ್ಷನ್‌ನಲ್ಲಿದೆ. ಆಸ್ತಿ, ಪಿಂಚಣಿ, ವಿಮೆಯ ತೊಡಕಿಗೆ ಅದು ಬೇಕಾಗಬಹುದು. ಅಂಥ ಆದೇಶ ತೆಗೆದುಕೊಂಡರೂ ಕಾಣೆಯಾದ ಕೇಸ್ ಮುಂದುವರಿಯಲಿ, ಹೊಸ ಶವ ಸಿಕ್ಕಿದರೆ ಹೋಲಿಕೆ ನಡೆಯಲಿ ಎಂದು ತನಿಖಾಧಿಕಾರಿಗೆ ಬೇರೆಯೇ ಕಾಗದ ಕೊಡಿ. ಅಧಿಕಾರಿಗಳು ವರ್ಗವಾಗುತ್ತಿರುತ್ತಾರೆ. ಹೊಸಬರು ಬಂದಾಗಲೆಲ್ಲ ಎಫ್‌ಐಆರ್, ಗುರುತಿನ ಹಾಳೆ, ವಂಶವೃಕ್ಷ, ಮಾದರಿಯ ನಂಬರ್, ಈ ನಾಲ್ಕರ ಒಂದು ಸೆಟ್ ಅವರ ಮೇಜಿಗೆ ತಲುಪಿಸಿ, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.